ಕಾರಣ: ಬೆಳ್ಳಕ್ಕಿ

ಸರ್ಕಾರಿ ಜೀಪಿನ ಲಾಗ್ ಬುಕ್ಕಿನಲ್ಲಿ ‘ಕುಂಡೆಕುಸ್ಕ’ ಎಂದು ಬರೆದ ಡ್ರೈವರು ಈ ದೇಶದಲ್ಲಿ ಅವರೊಬ್ಬರೇ ಇರಬೇಕು. ಬರೆದದ್ದು ಶರಾ ಕಾಲಮ್ಮಿನಲ್ಲಿ. ಜೀಪು ದಾರಿಯಲ್ಲಿ ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಯಾಕೆ ನಿಂತಿತು ಎಂಬುದನ್ನು ಅಲ್ಲಿ ಕಾಣಿಸಬೇಕು. ಉಳಿದ ಇಲಾಖೆಗಳ ಡ್ರೈವರುಗಳು ‘ಇಂಜಿನ್ ಬಿಸಿ’ ಎಂದೋ ‘ಟಯರ್ ಪಂಕ್ಚರ್’ ಎಂದೋ ಗೀಚಿ ಹಾಯಾಗಿ ಚಹಾ ಕುಡಿದು ಬರುತ್ತಿದ್ದರು. ಇವರು ಮಾತ್ರ, ‘ಕೆದಂಬಾಡಿ ಬೈಲು. ಏಳು ನಿಮಿಷ. ಕಾರಣ: ಕುಂಡೆಕುಸ್ಕ, ಎರಡು’ ಎಂದು ದುಂಡಗೆ ಬರೆದು ಸಹಿ ಹಾಕುತ್ತಿದ್ದರು. ಘಟ್ಟದ ಮೇಲಿನಿಂದ ಹೊಸದಾಗಿ ಬಂದಿದ್ದ ನಮ್ಮ ಡಾಕ್ಟರು ಅದನ್ನು ಓದಿ, ಇದು ಜೀಪಿನ ಯಾವ ಬಿಡಿಭಾಗ ಎಂದು ನನ್ನನ್ನು ಕರೆದು ಕೇಳಿದರು. ಬಾಲ ಕುಣಿಸುವ ಒಂದು ಹಕ್ಕಿ ಸರ್ ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಪುಸ್ತಕ ನೋಡಿದರು, ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಆ ಡ್ರೈವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಹಳೆಯದನ್ನು ಕೆದಕಿ ಅವರ ಅಂಗಳಕ್ಕೆ ಸುರಿಯುವ ಅಧಿಕಾರ ನನಗಿಲ್ಲ. ನಾನಂತೂ ಅವರನ್ನು ಹೆಸರು ಹಿಡಿದು ಕರೆದವಳೇ ಅಲ್ಲ. ಡ್ರೈವರ್ರೇ ಎನ್ನುತ್ತಿದ್ದೆ. ಅವರು ಊರಿನ ಉಳಿದವರಂತೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ಹೆರಿಗೆ ಮಾಡಿಸುವ ನರ್ಸಿಗೆ ನಮ್ಮ ಕಡೆ ಅದೇ ಹೆಸರು. ಹೋದ ತಿಂಗಳು ಅವರು ತೀರಿಕೊಂಡರೆಂದು ತಿಳಿಯಿತು. ಆಮೇಲೆ ನನಗೆ ಸರಿಯಾದ ನಿದ್ದೆಯಿಲ್ಲ. ದುಃಖವೆಂದರೆ ದುಃಖವೂ ಅಲ್ಲ. ಮಾಡಬೇಕಾದ ಒಂದು ಕೆಲಸವನ್ನು ಹಾಗೇ ಬಿಟ್ಟು ಮಲಗಿದರೆ ಒಂದು ಆಯಾಸ ಇರುತ್ತದಲ್ಲ, ಅದು.

ಐವತ್ತರ ದಶಕ ಮುಗಿದು ಅರವತ್ತು ಹಿಡಿಯುವ ಹೊತ್ತು. ಸುಳ್ಯವೂ ಆಗ ಪುತ್ತೂರು ತಾಲೂಕೇ. ಕಡಬದ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ನನಗೆ ಕೆಲಸ. ದಾರಿ ಎಂದರೆ ಗುಡ್ಡ ಇಳಿದು ಬೈಲು, ಬೈಲು ದಾಟಿ ತೋಡು, ತೋಡು ದಾಟಿದರೆ ಮತ್ತೆ ಗುಡ್ಡ. ಸೇತುವೆಗಳು ಬರಬೇಕಷ್ಟೆ ಎಂದು ಎಲ್ಲರೂ ಹೇಳುತ್ತಿದ್ದರು, ಬರುತ್ತಿರಲಿಲ್ಲ. ಸಿಡುಬಿನ ಸೂಜಿ, ಹಾಲಿನ ಪುಡಿ, ಬಾಣಂತಿಯರ ತಪಾಸಣೆ ಎಂದು ದಿನವಿಡೀ ಕುಲುಕಿ ಸಂಜೆ ಕೇಂದ್ರಕ್ಕೆ ಬಂದರೆ ಮೈಯ ಎಲುಬೆಲ್ಲ ಬಿಚ್ಚಿಟ್ಟ ಹಾಗಾಗುತ್ತಿತ್ತು. ಎಷ್ಟು ಹೊತ್ತಿಗೆ ಮನೆ ಸೇರುತ್ತೇನೆ ಎಂಬುದೊಂದೇ ನನ್ನ ಯೋಚನೆ. ಅಂಥ ಹೊತ್ತಿನಲ್ಲೇ ಜೀಪು ನಿಲ್ಲುತ್ತಿತ್ತು.

ನಿಲ್ಲಿಸುವುದಕ್ಕೂ ಒಂದು ಕ್ರಮ. ಬ್ಯಾಟರಿಯ ಮೇಲೆ ಅವರಿಗೆ ನಂಬಿಕೆಯಿರಲಿಲ್ಲವಾದ್ದರಿಂದ ಇಳಿಜಾರು ನೋಡಿಯೇ ನಿಲ್ಲಿಸುವುದು. ಟೊಪ್ಪಿಯ ಮುಂಭಾಗವನ್ನು ಹಿಂದಕ್ಕೆ ತಿರುಗಿಸುವುದು. ಸೀಟಿನ ಅಡಿಯಿಂದ ದುರ್ಬೀನು ತೆಗೆದು ಷರ್ಟಿನ ತುದಿಯಿಂದ ಒರೆಸುವುದು. ಯುದ್ಧದ ಕಾಲದಲ್ಲಿ ಬರ್ಮಾದ ಕಡೆ ಲಾರಿ ಓಡಿಸಿದ್ದರಂತೆ. ವಾಪಸು ಬರುವಾಗ ಎಡಗಾಜು ಸೀಳಿದ ಆ ದುರ್ಬೀನನ್ನು ಯಾರೋ ಕೊಟ್ಟಿದ್ದರಂತೆ. ಹಾಗಾಗಿ ಎಡಗಣ್ಣು ಮುಚ್ಚಿ ನೋಡುತ್ತಿದ್ದರು. ನೋಡುತ್ತ ಬಾಯಿ ತೆರೆದುಕೊಳ್ಳುತ್ತಿತ್ತು.

“ಎಂತ ನೋಡುದು ಮಾರಾಯ್ರೆ? ಹೋಗುವಾ,” ಎಂದು ನಾನು ಗದರುತ್ತಿದ್ದೆ.

“ಒಂದು ನಿಮಿಷ ಬಾಯಮ್ಮ. ಹುಂಡುಕೋಳಿ ಮರಿ ಕರ್ಕೊಂಡು ಹೊರಟಿದೆ.”

“ಅದಕ್ಕೆ ಹೆರಿಗೆ ಆಯ್ತಲ್ಲ, ನನ್ನ ಕೆಲಸ ಇಲ್ಲ ಅಲ್ಲಿ. ಹೋಗುವಾ.”

ಅವರು ನಗುತ್ತಿರಲಿಲ್ಲ. ಹುಂಡುಕೋಳಿಯ ಕೊನೆಯ ಮರಿ ಬದುವಿನ ಆಚೆ ಇಳಿಯುವ ತನಕ ಕಾದು, ಗಡಿಯಾರ ನೋಡಿ, ಪುಸ್ತಕ ತೆಗೆದು ಬರೆಯುತ್ತಿದ್ದರು. ಯಾಕೆ ಹೀಗೆ ಬರೆದು ಕುತ್ತಿಗೆ ಒಡ್ಡುತ್ತೀರಿ, ಇಂಜಿನ್ ಬಿಸಿ ಎಂದು ಬರೆಯಬಾರದೇ ಎಂದು ಒಮ್ಮೆ ಕೇಳಿದೆ. “ಇಂಜಿನ್ ಬಿಸಿ ಆಗ್ಲಿಲ್ಲ ಅಲ್ವಾ?” ಎಂದರು. ಇಂಥವರ ಹತ್ತಿರ ಏನು ವಾದ ಮಾಡುವುದು?

ನೇಜಿ ನೆಡುವ ಹೆಂಗಸರಿಗೆ ಇವರೆಂದರೆ ತಮಾಷೆ. ಪುತ್ತೂರಿನಿಂದ ಮದ್ದಿನ ಪೆಟ್ಟಿಗೆ ಹೇರಿಕೊಂಡು ಬರುವಾಗ ಕೆದಂಬಾಡಿಯ ಗದ್ದೆಗಳ ಹತ್ತಿರ ಜೀಪು ನಿಂತರೆ ಸಾಕು, ಸೊಂಟ ಬಗ್ಗಿಸಿದಲ್ಲಿಂದಲೇ ಒಬ್ಬಳು ಕೂಗುತ್ತಿದ್ದಳು. “ಡ್ರೈವರ್ರೇ, ಕೊಕ್ಕರೆಯನ್ನು ಎಂತ ನೋಡುದು, ನಾವು ಇಷ್ಟು ಜನ ಇಲ್ವಾ?” ಗದ್ದೆಗೆ ಗದ್ದೆಯೇ ನಗುತ್ತಿತ್ತು. ಇವರು ಕಿವಿ ಕೆಂಪು ಮಾಡಿಕೊಂಡು ದುರ್ಬೀನನ್ನು ಆಕಾಶಕ್ಕೆ ತಿರುಗಿಸುತ್ತಿದ್ದರು, ಅಲ್ಲಿ ಒಂದು ಕಾಗೆಯೂ ಇರುತ್ತಿರಲಿಲ್ಲ.

ಇನ್ನೊಮ್ಮೆ ಸುಗ್ಗಿ ಕೊಯ್ದು ಒಣಗಿದ ಮಜಲು ಗದ್ದೆಯಲ್ಲಿ ಟಿಟ್ಟಿಭ ಮೊಟ್ಟೆಯಿಟ್ಟದ್ದನ್ನು ಕಂಡರು. ಬರಿಯ ನೆಲದ ಮೇಲೆ ನಾಲ್ಕು ಮೊಟ್ಟೆ, ಕಲ್ಲಿಗೂ ಅದಕ್ಕೂ ವ್ಯತ್ಯಾಸ ತಿಳಿಯದು. ಮರುದಿನ ಅಲ್ಲಿ ಉಳುಮೆಯಿತ್ತು. ಇವರು ಒಂದು ಸೊಪ್ಪಿನ ಗೆಲ್ಲು ಮುರಿದು ಮೊಟ್ಟೆಗಳ ಪಕ್ಕ ನೆಟ್ಟರು. ಸೊಪ್ಪಿನ ಗೆಲ್ಲು ನೆಟ್ಟಲ್ಲಿಗೆ ಕೈಹಾಕಬಾರದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಂದು ವಾರ ಬಿಟ್ಟು ಹೋದಾಗ ಗದ್ದೆಯೆಲ್ಲ ಉತ್ತಾಗಿದೆ, ನಡುವೆ ಚಾಪೆಯಷ್ಟು ಜಾಗ ಮಾತ್ರ ಹಾಗೇ ಉಳಿದಿದೆ. ಗದ್ದೆಯವರು ಓಡಿಬಂದರು. “ಡ್ರೈವರ್ರೇ, ಇದು ಯಾವ ದೈವದ ಅಪ್ಪಣೆ ಅಂತ ನಿಮಗೇನಾದ್ರೂ ಗೊತ್ತುಂಟಾ? ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.” ಇವರು ಸುಳ್ಳು ಹೇಳದ ಮನುಷ್ಯ. ನಡೆದದ್ದನ್ನು ಹಾಗೇ ಹೇಳಿ ಬೈಸಿಕೊಂಡರು. ಬೈದವರೇ ಕೊನೆಗೆ ಮರಿ ಆಗುವ ತನಕ ಇರಲಿ ಎಂದು ಜಾಗ ಬಿಟ್ಟರು. ನನಗೆ ಆ ದಿನ ಮನೆ ಸೇರುವಾಗ ರಾತ್ರಿ ಊಟದ ಹೊತ್ತು ಮೀರಿತ್ತು. ನನಗೇನೂ ನಗು ಬರಲಿಲ್ಲ.

ಹಕ್ಕಿ ನೋಡುವುದರಲ್ಲಿ ಸ್ವಲ್ಪ ಪ್ರಯೋಜನವೂ ಇತ್ತೆಂದು ಒಪ್ಪಬೇಕು. ಕೊಲ್ಲಮೊಗ್ರು ಕಡೆಗೆ ಹೋಗುವಾಗ ಒಂದು ಹೊಳೆ ಅಡ್ಡ ಬರುತ್ತಿತ್ತು. ಸೇತುವೆಯಿಲ್ಲ; ಹರವಾದ ಜಾಗದಲ್ಲಿ ಜೀಪನ್ನು ನೀರಿಗೇ ಇಳಿಸಿ ದಾಟಬೇಕು. ಎಷ್ಟು ನೀರಿದೆ ಎಂದು ಉಳಿದವರು ಕೋಲು ಹಾಕಿ ನೋಡಿದರೆ ಇವರು ಬೆಳ್ಳಕ್ಕಿಯ ಕಾಲು ನೋಡುತ್ತಿದ್ದರು. ಹೊಳೆಯ ನಡುವೆ ಐದಾರು ಬೆಳ್ಳಕ್ಕಿಗಳು ಯಾವಾಗಲೂ ನಿಂತಿರುತ್ತಿದ್ದವು. “ಅದರ ಮೊಣಕಾಲು ಕಂಡರೆ ನಮ್ಮ ಇಂಜಿನಿಗೆ ನೀರು ತಾಗುದಿಲ್ಲ,” ಎಂದು ಹೇಳಿ, ಫ್ಯಾನು ಇಂಜಿನಿಗೆ ನೀರು ಎರಚದಂತೆ ಅದರ ಬೆಲ್ಟು ಕಳಚಿಟ್ಟು, ಒಂದೇ ಗೇರಿನಲ್ಲಿ ದಾಟಿಸಿಬಿಡುತ್ತಿದ್ದರು. ಒಮ್ಮೆಯೂ ನಡುನೀರಿನಲ್ಲಿ ಜೀಪು ಕೆಟ್ಟು ನಿಂತದ್ದಿಲ್ಲ. ಬೆಳ್ಳಕ್ಕಿಗಳೆಲ್ಲ ಎದ್ದು ದಡದ ಬಂಡೆ ಹತ್ತಿದರೆ ಮಾತ್ರ ಇಳಿಯಬಾರದು, ಮೇಲೆ ಕಾಡಿನಲ್ಲಿ ಮಳೆಯಾಗಿ ನೀರು ಬರುತ್ತಿದೆ ಎಂದು ಅರ್ಥ ಎನ್ನುತ್ತಿದ್ದರು. ನಾನು ಹೂಂಗುಟ್ಟಿ ಕಣ್ಣು ಮುಚ್ಚುತ್ತಿದ್ದೆ.

ನವರಾತ್ರಿ ಕಳೆದಿತ್ತು, ದೀಪಾವಳಿ ಬಂದಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಹೊಳೆಯ ಆಚೆಯ ಒಂದು ಮನೆಯಿಂದ ಒಬ್ಬ ಗಂಡಸು ನಡೆದೂ ಓಡಿಯೂ ಬಂದಿದ್ದ. ಅತ್ತಿಗೆಗೆ ಹಿಂದಿನ ರಾತ್ರಿಯಿಂದ ನೋವು, ಮಗು ಅಡ್ಡ ನಿಂತಿದೆ ಎಂದು ಸೂಲಗಿತ್ತಿ ಕೈಚೆಲ್ಲಿದ್ದಾಳೆ. ಎಲೆಯನ್ನು ಬಿಟ್ಟೆದ್ದು ಬ್ಯಾಗು ಹಿಡಿದು ಜೀಪು ಹತ್ತಿದೆ. ಆ ದಿನ ಇವರು ದಾರಿಯಲ್ಲಿ ಎಲ್ಲಿಯೂ ನಿಲ್ಲಿಸಲಿಲ್ಲ ಎಂಬುದನ್ನು ನಾನು ಹೇಳಲೇಬೇಕು. ಬೈಲಿನಲ್ಲಿ ಏನೇನು ಕೂತಿತ್ತೋ, ತಲೆ ಕೂಡ ತಿರುಗಿಸಲಿಲ್ಲ.

ಹೊಳೆಯ ಹತ್ತಿರ ಬಂದಾಗ ಒಳ್ಳೆ ಬಿಸಿಲು. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಕಲ್ಲು ಎಣಿಸಬಹುದಿತ್ತು. ಇವರು ಬ್ರೇಕು ಹಾಕಿದರು. ಬೆಳ್ಳಕ್ಕಿಗಳು ನೀರಿನಲ್ಲಿರಲಿಲ್ಲ. ಆಚೆ ದಡದ ಎತ್ತರದ ಬಂಡೆಯ ಮೇಲೆ ಆರೂ ಸಾಲಾಗಿ ನಿಂತಿದ್ದವು.

“ಹಕ್ಕಿ ಮೇಲೆ ಹತ್ತಿದೆ ಬಾಯಮ್ಮ. ಸ್ವಲ್ಪ ನಿಲ್ಲಿ.” ಟೊಪ್ಪಿ ತಿರುಗಿಸಿ ದುರ್ಬೀನು ತೆಗೆದರು.

ಕರೆಯಲು ಬಂದು ಹಿಂದೆ ಕೂತಿದ್ದ ಮೈದುನನಿಗೆ ತಡೆಯಲಾಗಲಿಲ್ಲ. ಧುಮುಕಿ ಇಳಿದು ನೀರಿಗೆ ಕಾಲಿಟ್ಟು ಹೊರಟೇಬಿಟ್ಟ. ನೀರು ಅವನ ಮೊಣಕಾಲಿಗೆ. ಎರಡು ಮೂರು ನಿಮಿಷದಲ್ಲಿ ಆಚೆ ದಡ ಸೇರಿ, “ಬನ್ನಿ! ಎಂತ ನಿಂತದ್ದು?” ಎಂದು ಕೂಗತೊಡಗಿದ. ಇವರು ದುರ್ಬೀನು ಇಳಿಸಲಿಲ್ಲ. ಬಂಡೆಯ ಮೇಲೆ, ಬಂಡೆಯ ಕೆಳಗೆ, ಹೊಳೆಯ ಉದ್ದಕ್ಕೂ ನೋಡುತ್ತಲೇ ಇದ್ದರು.

“ಎಂತ ನೋಡುದು ನೀವು?” ನಾನು ಕಿರಿಚಿದೆ. “ಅಲ್ಲಿ ಒಂದು ಜೀವ ಹೋಗ್ತಾ ಉಂಟು!”

“ನಿಲ್ಲಿ ಬಾಯಮ್ಮ, ನಿಲ್ಲಿ.”

ಹತ್ತು ನಿಮಿಷ ಕಾದೆ, ಹದಿನೈದು ನಿಮಿಷ ಕಾದೆ. ಆಮೇಲೆ ಸೀರೆ ಎತ್ತಿ ಕಟ್ಟಿ ನಾನೇ ನೀರಿಗಿಳಿದೆ. ಅವರು ಓಡಿಬಂದು ಬ್ಯಾಗಿನ ಹಿಡಿ ಹಿಡಿದುಕೊಂಡರು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಬಿಡಲಿಲ್ಲ. ಆ ಎಳೆದಾಟದಲ್ಲೇ ಮೇಲಿನ ತಿರುವಿನಿಂದ ಗೋಣಿಚೀಲ ಎಳೆದಂಥ ಸದ್ದು ಕೇಳಿತು, ಕೆಂಪು ನೀರು ತರಗೆಲೆಗಳನ್ನು ಮುಂದಿಟ್ಟುಕೊಂಡು ಬಂತು. ಅವರು ನನ್ನನ್ನು ದಡಕ್ಕೆ ಎಳೆದುಕೊಂಡರು, ನೋಡನೋಡುತ್ತ ನೀರು ಎದೆಮಟ್ಟ ಏರಿತು.

ಅದು ಇಳಿದು ನಾವು ದಾಟುವಾಗ ಪೂರಾ ಮೂರು ಗಂಟೆ ಕಳೆದಿತ್ತು. ಮಗುವನ್ನು ನಾನು ತೆಗೆದೆ, ಹೆಣ್ಣು, ಬದುಕಿತು. ತಾಯಿ ಉಳಿಯಲಿಲ್ಲ. ನನ್ನ ಕೈಯಲ್ಲೇ ಹೋದಳು. ಒಂದು ಗಂಟೆ ಮೊದಲು ಬಂದಿದ್ದರೂ ಉಳಿಸುತ್ತಿದ್ದೆ ಎಂದು ಆಗ ನನಗೆ ಖಚಿತವಾಗಿ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಕೇಂದ್ರಕ್ಕೆ ವಾಪಸು ಬರುವ ದಾರಿಯುದ್ದ ಒಂದೇ ಲೆಕ್ಕ ತಲೆಯಲ್ಲಿ ತಿರುಗುತ್ತಿತ್ತು. ನೀರು ಬರುತ್ತದೆ ಎಂದು ಅವರು ಹೇಳಿದ್ದು ಸರಿ. ಆದರೆ ಅದು ಬಂದದ್ದು ಇಪ್ಪತ್ತು ನಿಮಿಷ ಬಿಟ್ಟು. ದಾಟಲು ಬೇಕಾದದ್ದು ಮೂರು ನಿಮಿಷ. ಆ ಮೈದುನ ದಾಟಿ ತೋರಿಸಿದ್ದ. ಇವರ ಜಾಣತನ ಇಲ್ಲದಿದ್ದರೆ, ಏನೂ ತಿಳಿಯದ ಒಬ್ಬ ದಡ್ಡ ಡ್ರೈವರು ಇದ್ದಿದ್ದರೆ, ಆ ಹೆಂಗಸು ಬದುಕುತ್ತಿದ್ದಳು. ಅವರೇ ಒಮ್ಮೆ, “ಹಕ್ಕಿ ನೀರು ಬರ್ತದೆ ಅಂತ ಹೇಳ್ತದೆ ಬಾಯಮ್ಮ, ಎಷ್ಟೊತ್ತಿಗೆ ಅಂತ ಹೇಳುದಿಲ್ಲ,” ಎಂದರು. ಆ ಮಾತು ಕೇಳಿ ನನಗೆ ಇನ್ನಷ್ಟು ಸಿಟ್ಟು ಬಂತು. ಅವರು ಲಾಗ್ ಬುಕ್ಕು ತೆಗೆದು ಬರೆಯುವುದನ್ನು ನೋಡಿದೆ. ‘ಹೊಳೆ ಬದಿ. ಇಪ್ಪತ್ತು ನಿಮಿಷ. ಕಾರಣ: ಬೆಳ್ಳಕ್ಕಿ. ನಂತರ ಮೂರು ಗಂಟೆ. ಕಾರಣ: ನೆರೆ.’

ಮನೆಯವರು ದೂರು ಕೊಟ್ಟರು. ಕೊಡದೆ ಇರುತ್ತಾರೆಯೇ? ಡ್ರೈವರು ದುರ್ಬೀನು ಹಿಡಿದು ಹಕ್ಕಿ ನೋಡುತ್ತಿದ್ದುದನ್ನು ಮೈದುನ ಕಣ್ಣಾರೆ ಕಂಡಿದ್ದ. ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು, ಪುತ್ತೂರಿನಲ್ಲಿ ಕೂತರು. ಕೆಟ್ಟವರಲ್ಲ. ಆ ಪುಟ ಓದಿ, ಪೆನ್ನನ್ನು ಇವರ ಕಡೆ ತಳ್ಳಿದರು. “ನೋಡಿ, ಬೆಳ್ಳಕ್ಕಿ ಎನ್ನುವುದನ್ನು ಹೊಡೆದುಹಾಕಿ ಅಲ್ಲಿಯೂ ನೆರೆ ಎಂದೇ ಬರೆಯಿರಿ. ನಾನು ನೋಡಲಿಲ್ಲ ಅಂದುಕೊಳ್ಳಿ.”

“ನಾನು ನಿಲ್ಲಿಸುವಾಗ ನೆರೆ ಇರಲಿಲ್ಲ ಸಾರ್.”

“ಹಾಗಾದರೆ ಹಕ್ಕಿ ನೋಡುತ್ತಿದ್ದಿರಾ?”

“ಹೌದು ಸಾರ್. ನೋಡ್ತಿದ್ದೆ.”

ಅಧಿಕಾರಿ ನನ್ನ ಕಡೆ ತಿರುಗಿದರು. ಅಪಾಯ ಕಂಡು ನಿಲ್ಲಿಸಿದ್ದೋ, ಹಕ್ಕಿಯ ಖಯಾಲಿಯಿಂದ ನಿಲ್ಲಿಸಿದ್ದೋ, ನಿಮಗೇನು ಅನ್ನಿಸುತ್ತದೆ ಎಂದು ಕೇಳಿದರು. ಬೆಳ್ಳಕ್ಕಿ ಬಂಡೆ ಹತ್ತಿದರೆ ನೀರು ಬರುತ್ತದೆ ಎಂದು ಅವರು ನನಗೆ ಹಿಂದೆಯೇ ಹೇಳಿದ್ದರು. ಅವತ್ತೂ ಹೇಳಿದ್ದರು. ಅದೊಂದು ಮಾತು ಸಾಕಿತ್ತು. ನನ್ನ ಕಣ್ಣ ಮುಂದೆ ಆ ತಾಯಿಯ ಮುಖವಿತ್ತು, ಮೈದುನ ಮೊಣಕಾಲು ನೀರಿನಲ್ಲಿ ದಾಟಿಹೋದದ್ದಿತ್ತು. “ಗೊತ್ತಿಲ್ಲ ಸರ್,” ಎಂದೆ. “ಅವರು ಯಾವಾಗಲೂ ಹಕ್ಕಿ ನೋಡುತ್ತಾರೆ.”

ಇವರು ನನ್ನ ಕಡೆ ತಿರುಗಲಿಲ್ಲ. ಆ ಸಂಜೆ ಎಂದಿನಂತೆ ಜೀಪಿನಲ್ಲಿ ಕರೆದುಕೊಂಡು ಬಂದು ಮನೆಯ ಬಾಗಿಲಲ್ಲಿ ಇಳಿಸಿ, “ಬ್ಯಾಗು ಮರೀಬೇಡಿ ಬಾಯಮ್ಮ,” ಎಂದರು. ಜೀಪನ್ನು ಅವರಿಂದ ತೆಗೆದು, ಅವರನ್ನು ಮಂಗಳೂರಿನಲ್ಲಿ ಒಂದು ಗೋಡೌನಿನ ಕಾವಲಿಗೆ ಹಾಕಿದರು. ಎರಡು ತಿಂಗಳು ಗೋಡೆ ನೋಡಿ ಸಾಕಾಗಿ ರಾಜೀನಾಮೆ ಕೊಟ್ಟರಂತೆ.

ಹೊಸ ಡ್ರೈವರು ಚುರುಕಿನವರು. ದಾರಿಯಲ್ಲಿ ಎಲ್ಲಿಯೂ ನಿಲ್ಲಿಸುತ್ತಿರಲಿಲ್ಲ, ಕತ್ತಲಾಗುವ ಮೊದಲೇ ಮನೆ ಸೇರುತ್ತಿದ್ದೆ. ನನಗೆ ಬೇಕಿದ್ದದ್ದು ಅದೇ ತಾನೇ. ಆದರೂ ಸುಸ್ತು ಕಡಿಮೆಯಾಗಲಿಲ್ಲ. ಕೆದಂಬಾಡಿಯ ಬೈಲು ಬರುವಾಗ ಮೈ ತಾನೇ ಮುಂದಕ್ಕೆ ವಾಲಿ ಬ್ರೇಕಿಗೆ ಸಿದ್ಧವಾಗುತ್ತಿತ್ತು, ಜೀಪು ಮಾತ್ರ ಓಡುತ್ತಲೇ ಇರುತ್ತಿತ್ತು.

ಮೂರನೆಯ ವರ್ಷ, ಅದೇ ಹೊಳೆ, ಅದೇ ತರದ ಬಿಸಿಲು. ಆಚೆ ಒಂದು ಹೆರಿಗೆ. ಡ್ರೈವರು ಬೆಲ್ಟು ಕಳಚಿ ಇಳಿಸಲು ತಯಾರಾಗಿದ್ದರು. ನಾನು ತಲೆ ಎತ್ತಿ ನೋಡಿದರೆ ಬೆಳ್ಳಕ್ಕಿಗಳು ಬಂಡೆಯ ಮೇಲೆ. ನನ್ನ ಬಾಯಿಯೇ “ನಿಲ್ಲಿ” ಎಂದಿತು. ಕೂತೆ. ದಾಟೋಣವೇ, ಬೇಡವೇ, ದಾಟಿದರೆ ಜೀಪು ಸಮೇತ ಕೊಚ್ಚಿಹೋದರೆ, ದಾಟದೆ ಅಲ್ಲಿ ಅವಳು ಸತ್ತರೆ. ಮೂವತ್ತೈದು ನಿಮಿಷ ಹಾಗೇ ಕೂತೆ. ನೀರು ಬರಲಿಲ್ಲ. ಹಕ್ಕಿಗಳು ತಾವಾಗಿಯೇ ಇಳಿದು ಹೊಳೆಯ ನಡುವೆ ನಿಂತವು. ಆಮೇಲೆ ದಾಟಿದೆವು. ದೇವರು ದೊಡ್ಡವನು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

“ಕಾರಣ ಎಂತ ಬರೆಯುದು ಬಾಯಮ್ಮ?” ಎಂದು ಡ್ರೈವರು ಪೆನ್ನು ಹಿಡಿದು ಕೇಳಿದರು. ನಾನೇ ಪುಸ್ತಕ ಇಸಿದುಕೊಂಡು ‘ಬೆಳ್ಳಕ್ಕಿ’ ಎಂದು ಬರೆದು ಕೆಳಗೆ ನನ್ನ ಸಹಿ ಹಾಕಿದೆ. ಆ ಪುಟವನ್ನು ಯಾರೂ ತೆರೆಯಲಿಲ್ಲ, ಯಾರೂ ಕೇಳಲಿಲ್ಲ. ಅವತ್ತು ಯಾರೂ ಸತ್ತಿರಲಿಲ್ಲವಲ್ಲ.

ಅದಾಗಿ ಕೆಲವು ತಿಂಗಳಿಗೆ ಮಡಿಕೇರಿಗೆ ಹೋಗುವಾಗ ಬಸ್ಸು ಅರಂತೋಡಿನಲ್ಲಿ ಚಹಾಕ್ಕೆ ನಿಂತಿತು. ರಸ್ತೆಬದಿಯ ಒಂದು ಸೈಕಲ್ ರಿಪೇರಿ ಅಂಗಡಿಯಲ್ಲಿ ಇವರು ಕೂತಿದ್ದರು. ಟೊಪ್ಪಿಯಿರಲಿಲ್ಲ, ತಲೆ ಬೆಳ್ಳಗಾಗಿತ್ತು. ಓಡಿದವಳಂತೆ ಹೋಗಿ ನಿಂತೆ. ಕ್ಷಮೆ ಕೇಳಬೇಕೆಂದೇ ಹೋದದ್ದು. ಬಾಯಿಗೆ ಬಂದದ್ದು ಮಾತ್ರ ಹೊಳೆಯ ಕತೆ.

“ಕಾರಣ ಎಂತ ಬರೆದದ್ದು?” ಎಂದರು.

“ಬೆಳ್ಳಕ್ಕಿ.”

ಜೋರಾಗಿ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. “ನೀರು ಬಂತಾ?”

“ಇಲ್ಲ.”

ನಗು ನಿಂತಿತು. ಕೈಯಲ್ಲಿದ್ದ ಸೈಕಲ್ಲಿನ ಚಕ್ರವನ್ನು ಹಿಡಿದು ನಿಲ್ಲಿಸಿದರು. “ಬಂಡೆಯ ಬುಡ ನೋಡಿದ್ರಾ?”

“ಅಲ್ಲಿ ಎಂತ?”

“ನೀರುನಾಯಿ. ಅದು ಬಂದ್ರೂ ಹಕ್ಕಿ ಮೇಲೆ ಹತ್ತುದೇ. ನೀರುನಾಯಿ ಕಂಡ್ರೆ ಹೆದರ್ಲಿಕ್ಕಿಲ್ಲ, ಕೂಡ್ಲೇ ದಾಟ್ಬಹುದು. ಕಾಣದಿದ್ರೆ ಮಾತ್ರ ಮೇಲೆ ಮಳೆ.”

ಅಲ್ಲಿದ್ದ ಒಂದು ಪೆಟ್ಟಿಗೆಯ ಮೇಲೆ ಕೂತೆ. “ಹಾಗಾದ್ರೆ ಅವತ್ತು...”

“ಅವತ್ತು ಅದನ್ನೇ ಹುಡುಕಿದ್ದು ಬಾಯಮ್ಮ. ಒಂದು ಮೂತಿ ಕಂಡಿದ್ರೆ ಸಾಕಿತ್ತು, ಮೂರು ನಿಮಿಷದಲ್ಲಿ ನಿಮ್ಮನ್ನು ಆಚೆ ಇಳಿಸ್ತಿದ್ದೆ. ಕಾಣ್ಲಿಲ್ಲ.”

“ಅದನ್ನು ಹೇಳ್ಬಹುದಿತ್ತಲ್ಲ ಮಾರಾಯ್ರೆ! ಆ ಅಧಿಕಾರಿಗೆ ಹೇಳ್ಬಹುದಿತ್ತಲ್ಲ!”

“ಅವರು ಹಕ್ಕಿ ನೋಡ್ತಿದ್ದಿರಾ ಅಂತ ಕೇಳಿದ್ರು. ನೋಡ್ತಿದ್ದೆ ಅಲ್ವಾ? ಹುಡುಕಿದ್ದು ಸಿಕ್ಕಿದ್ರೆ ಹೇಳ್ಬಹುದು. ಸಿಗ್ಲಿಲ್ಲ, ಆ ಹೆಂಗಸೂ ಉಳೀಲಿಲ್ಲ. ಇನ್ನು ಹೇಳಿ ಎಂತ ಮಾಡುದು?” ಚಕ್ರವನ್ನು ಮತ್ತೆ ಒಂದು ಸುತ್ತು ತಿರುಗಿಸಿ, “ಆ ಮಗು ಹೇಗುಂಟು?” ಎಂದು ಕೇಳಿದರು. ಚೆನ್ನಾಗಿದೆ, ಓಡಿ ಆಡುತ್ತದೆ ಎಂದೆ. ಬಸ್ಸಿನವರು ಹಾರ್ನ್ ಹೊಡೆದರು. “ಹೋಗಿ ಬಾಯಮ್ಮ, ಬಸ್ಸು ತಪ್ಪುತ್ತದೆ,” ಎಂದರು. ಹೋದೆ. ಕೇಳಬೇಕಾದ ಕ್ಷಮೆ ಹಾಗೇ ನನ್ನ ಹತ್ತಿರವೇ ಉಳಿಯಿತು, ಮತ್ತೆ ಅರಂತೋಡಿನಲ್ಲಿ ಇಳಿಯುವ ಧೈರ್ಯ ಬರಲಿಲ್ಲ.

ಆರು ವರ್ಷ ಅವರ ಪಕ್ಕದ ಸೀಟಿನಲ್ಲಿ ಕೂತು ತಿರುಗಿದವಳು ನಾನು. “ಎಂತ ನೋಡುದು” ಎಂದು ನೂರು ಸಲ ಕೇಳಿದ್ದೇನೆ. ಅವರು ಉತ್ತರ ಹೇಳುವ ತನಕ ಒಂದು ಸಲವೂ ಕಾಯಲಿಲ್ಲ.